ಒಂದು ಮಗು, ಎರಡು ಚೀಟಿ

ಶಾಲೆಯ ಅಡುಗೆಯ ಕಸ್ತೂರಿಬಾಯಿ ತಾಮ್ರದ ಹಂಡೆಯೊಳಗೆ ಮೊಳಕೈವರೆಗೆ ಕೈಯಿಳಿಸಿ ಏಳನೆಯ ಚೀಟಿಗಾಗಿ ತಡಕಾಡುತ್ತಿದ್ದಾಗ ಸಂಗಮನಾಥ ತನ್ನ ಎಡಗಾಲಿನ ಕಾಲುಚೀಲದ ತೂತಿನ ಬಗ್ಗೆ ಯೋಚಿಸುತ್ತಿದ್ದ. ಸಭಾಂಗಣದ ಹೊರಗೇ ಬೂಟು ಬಿಡಬೇಕಾಗುತ್ತದೆಂದು ಗೊತ್ತಿದ್ದರೆ ನಾಶಿಕದಲ್ಲೇ ಬೇರೆ ಜೋಡಿ ಹಾಕಿಕೊಂಡು ಹೊರಡುತ್ತಿದ್ದ. ಈಗ ಹೆಬ್ಬೆರಳು ಹೊರಗೆ ಬಂದು ವೇದಿಕೆಯನ್ನು ನೋಡುತ್ತ ಕೂತಿತ್ತು. ಬ್ಯಾಂಕಿನಲ್ಲಿ ಹದಿನಾಲ್ಕು ವರ್ಷ ಸರ್ವೀಸು ಮಾಡಿದ, ಜೂನ್ ಒಂದರಿಂದ ಬಡ್ತಿಯ ಮೇಲೆ ಇದೇ ಸಂಭಾಜಿನಗರದ ಶಾಖೆಗೆ ಬರಲಿರುವ ಮನುಷ್ಯನ ಹೆಬ್ಬೆರಳು. ಅದರ ಮೇಲೆ ಬಲಗಾಲನ್ನಿಟ್ಟ. ಹಾಗೆ ಕೂತರೆ ಪಕ್ಕದ ಕುರ್ಚಿಯ ಹೆಂಗಸಿನ ಕಡೆಗೆ ವಾಲಿದಂತಾಗುತ್ತಿತ್ತು, ತೆಗೆದ. ಇಷ್ಟು ಜನರಲ್ಲಿ ತನ್ನೊಬ್ಬನ ಕಾಲುಚೀಲವೇ ಹರಿದಿರುತ್ತದೆಯೇ ಎಂದು ಮುಂದಿನ ಸಾಲಿನವರ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದ. ಎಲ್ಲರವೂ ನೆಟ್ಟಗಿದ್ದವು. ಆಗಲೇ ಮೈಕಿನಲ್ಲಿ ಮುಖ್ಯಾಧ್ಯಾಪಕಿ ಮೃಣಾಲಿನಿಬಾಯಿಯ ದನಿ ಕೇಳಿತು. "ವೈಷ್ಣವಿ. ತಾಯಿ ರೂಪಾ, ತಂದೆ ಸಂಗಮನಾಥ. ಬಿರಾದಾರ, ನಾಶಿಕ್."

ರೂಪಾ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮದುವೆಯಾಗಿ ಎಂಟು ವರ್ಷಗಳಲ್ಲಿ ನಾಲ್ಕು ಜನರ ಎದುರು ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು. "ಬಂತ್ ನೋಡ್ರಿ," ಎಂದಳು, "ನಮ್ಮ ಪುಟ್ಟಿದ್ ಬಂತ್." ಇನ್ನೂರ ಎಂಬತ್ತಾರು ಅರ್ಜಿ, ನಲವತ್ತು ಸೀಟು. ಗೆದ್ದ ಮಕ್ಕಳು ವೇದಿಕೆ ಹತ್ತಿ ಜಮಖಾನದ ಮೇಲೆ ಸಾಲಾಗಿ ಕೂರಬೇಕು, ಒಬ್ಬೊಬ್ಬರಿಗೂ ಒಂದೊಂದು ಪೇಡೆ. ವೈಷ್ಣವಿ ಲಂಗ ಎತ್ತಿಕೊಂಡು ಓಡಿಹೋಗಿ ಏಳನೆಯವಳಾಗಿ ಕೂತಳು. ಜನ ಚಪ್ಪಾಳೆ ತಟ್ಟಿದರು. ಸಂಗಮನಾಥನಿಗೆ ನಿಜವಾಗಿಯೂ ಸಂತೋಷವಾಯಿತು, ಕಣ್ಣು ಒದ್ದೆಯಾಯಿತು, ಹೆಬ್ಬೆರಳು ಮರೆತೇ ಹೋಯಿತು. ಮಗಳು ಪೇಡೆಯ ಕಾಗದ ಬಿಚ್ಚುವಷ್ಟು ಹೊತ್ತು ಈ ಸಂತೋಷ ಉಳಿಯಿತು. ಕಸ್ತೂರಿಬಾಯಿ ಎಂಟನೆಯ ಚೀಟಿಗೆ ಮತ್ತೆ ಕೈಹಾಕಿದಾಗ ಅವನಿಗೆ ನೆನಪಾಯಿತು: ಆ ಹಂಡೆಯಲ್ಲಿ ವೈಷ್ಣವಿಯ ಇನ್ನೊಂದು ಚೀಟಿ ಇತ್ತು.

ಅದು ಮೊದಲು ತಪ್ಪಾಗಿತ್ತು, ಆಮೇಲೆ ತಪ್ಪಾಗಿ ಉಳಿಯಲಿಲ್ಲ. ಫೆಬ್ರುವರಿಯಲ್ಲಿ ಅರ್ಜಿ ತುಂಬಲು ಕೂತಾಗ ಕೈಗೆ ಸಿಕ್ಕಿದ್ದು ಹುಮನಾಬಾದಿನ ಜನನ ಪತ್ರ. ಚೊಚ್ಚಲ ಹೆರಿಗೆ, ತವರಿನಲ್ಲಿ ಆದದ್ದು. ಆಸ್ಪತ್ರೆಯಲ್ಲಿ ಕೇಳಿದವರಿಗೆ ಅತ್ತೆ ಲಕ್ಷ್ಮವ್ವ ತನ್ನ ಮಗಳನ್ನು ತಾನು ಹೇಗೆ ಕರೆಯುತ್ತಾಳೋ ಹಾಗೇ ಹೆಸರು ಬರೆಸಿದ್ದಳು, ಅಳಿಯನ ಊರು ಹಲಬರ್ಗಾ ಎನ್ನುವುದನ್ನೇ ಅಡ್ಡಹೆಸರಿನ ಜಾಗದಲ್ಲಿ ಕೂರಿಸಿದ್ದಳು. ಹೀಗಾಗಿ ಆ ಕಾಗದದಲ್ಲಿ ಮಗು ವೈಷ್ಣವಿ ಹಲಬರ್ಗೆ, ತಾಯಿ ಚನಬಸವ್ವ. ನಾಶಿಕದಲ್ಲಿ ಮಾಡಿಸಿದ ಆಧಾರಿನಲ್ಲಿ ಅದೇ ಮಗು ವೈಷ್ಣವಿ ಬಿರಾದಾರ, ತಾಯಿ ರೂಪಾ. ಈ ಎರಡು ಕಾಗದಗಳ ಜಗಳ ಬಿಡಿಸಲು ಅವನು ಐದು ವರ್ಷ ನೋಟರಿಗಳ ಬಾಗಿಲು ಕಾದಿದ್ದ. ಜನನ ಪತ್ರದಲ್ಲಿದ್ದಂತೆ ಅರ್ಜಿ ಕಳಿಸಿದ ಮೇಲೆ ಶಾಲೆಗೆ ಫೋನು ಮಾಡಿದರೆ, ಆಧಾರಿನಲ್ಲಿದ್ದಂತೆಯೇ ಹೆಸರಿರಲಿ ಅಂದರು. ಅವನು ತಿದ್ದುವ ಬದಲು ಹೊಸದಾಗಿ ಇನ್ನೊಂದನ್ನು ತುಂಬಿದ. ಎರಡೂ ಸ್ವೀಕೃತವಾದವು. ಎರಡಕ್ಕೂ ನಂಬರು ಬಂತು. ಹಳೆಯದನ್ನು ರದ್ದುಮಾಡಲು ಒಂದೇ ಒಂದು ಗುಂಡಿ ಒತ್ತಬೇಕಾಗಿತ್ತು; ಅವನು ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು ಚಹಾ ಕುಡಿದ. ಇಷ್ಟು ವರ್ಷ ಬರೀ ಉಪದ್ರವ ಕೊಟ್ಟ ಎರಡನೆಯ ಹೆಸರು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಎಂದು ಅವನ ಮನಸ್ಸು ಹೇಳಿತು. ಮನಸ್ಸು ಹೇಳಿತು ಎನ್ನುವುದು ಅವನು ಆಮೇಲೆ ಕಟ್ಟಿಕೊಂಡದ್ದು. ಹೇಳಿದವನು ಅವನೇ.

ಸಭಾಂಗಣದ ಬಾಗಿಲಲ್ಲಿ ಕೆಂಪಕ್ಷರದ ಹಲಗೆ ಇತ್ತು. ಒಂದು ಮಗುವಿಗೆ ಒಂದೇ ಅರ್ಜಿ. ಒಂದಕ್ಕಿಂತ ಹೆಚ್ಚು ಕಂಡರೆ ಎಲ್ಲವೂ ರದ್ದು. ಮೃಣಾಲಿನಿಬಾಯಿ ಆರಂಭದ ಭಾಷಣದಲ್ಲೂ ಇದನ್ನೇ ಮೃದುವಾಗಿ ಹೇಳಿದ್ದರು. ಐದು ವರ್ಷದ ಮಗುವಿಗೆ ಪರೀಕ್ಷೆ ಇಟ್ಟರೆ ಉತ್ತರ ಬರೆಯುವವರು ಅಪ್ಪಂದಿರು, ಆದ್ದರಿಂದ ನಮ್ಮಲ್ಲಿ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಶಿಫಾರಸಿಲ್ಲ. ಹಂಡೆಗೆ ಯಾರ ಅಪ್ಪನೂ ಗೊತ್ತಿಲ್ಲ, ಚೀಟಿ ತೆಗೆಯುವ ಕಸ್ತೂರಿಬಾಯಿಗೆ ಓದಲು ಬಾರದು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸಂಗಮನಾಥ. ಅಂಗೈ ಉರಿಯುವವರೆಗೆ ತಟ್ಟಿದ್ದ.

ಹಾಗೆ ನೋಡಿದರೆ ಸಂಸ್ಕೃತ ಕಲಿಸುವ ಈ ಶಾಲೆಯ ಹುಚ್ಚು ಅವನಿಗೆ ಹತ್ತಿದ್ದು ಆ ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಅರವಿಂದನ ಮೇಲಿನ ಹೊಟ್ಟೆಕಿಚ್ಚಿನಿಂದ. ಅರವಿಂದ ಧಾರವಾಡದಿಂದ ವರ್ಗವಾಗಿ ಬಂದವನು, ಬ್ಯಾಂಕಿನಲ್ಲಿ ಪಕ್ಕದ ಮೇಜಿನವನು, ವಸತಿಯಲ್ಲಿ ಮೇಲಿನ ಮಹಡಿಯವನು. ಅವನ ಮಗ ಉತ್ಕರ್ಷ ಈ ಶಾಲೆಯಲ್ಲಿ ಓದುತ್ತಾನೆ, ಇದೇ ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು. ಮೂರು ವರ್ಷ ಪುಸ್ತಕವೇ ಇಲ್ಲ, ಎಲ್ಲ ಕಿವಿಯಿಂದ ಬಾಯಿಗೆ. ಹಗ್ಗ ಹಿಡಿದು ಮರಳಿನ ಮೇಲೆ ರೇಖಾಗಣಿತ. ನಾಲ್ಕನೆಯದರಿಂದ ತರ್ಕ, ವ್ಯಾಕರಣ. ಹೋದ ವರ್ಷ ವಸತಿಯ ಗಣಪತಿಯ ಎದುರು ಆ ಹುಡುಗ ನಿಂತು ಉಸಿರು ತೆಗೆದುಕೊಳ್ಳದೆ ಇಪ್ಪತ್ತು ಶ್ಲೋಕ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಯಾರೋ ವೈಷ್ಣವಿಯನ್ನೂ ಮುಂದಕ್ಕೆ ತಳ್ಳಿದರು. ಅವಳು ಕೈ ಮುಗಿದು, ಕಣ್ಣು ಮುಚ್ಚಿ, ಬಲು ಗಂಭೀರವಾಗಿ, ಲಿಫ್ಟಿನೊಳಗಿನ ಹೆಂಗಸಿನ ದನಿಯಲ್ಲಿ, "ಕೃಪಯಾ ದರವಾಜಾ ಬಂದ್ ಕೀಜಿಯೇ" ಎಂದಳು. ಎರಡು ಸಲ ಹೇಳಿ ಗಣಪತಿಗೆ ಅಡ್ಡಬಿದ್ದಳು. ಇಡೀ ವಸತಿ ನಕ್ಕಿತು. ಅರವಿಂದ ನಗದೆ ಅವನ ಭುಜದ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ ಸಂಗಮನಾಥ, ಹಿಂದಿ ಉಚ್ಚಾರ ಛಲೋ ಅದ," ಎಂದ. ಆ ಕೈ ಇನ್ನೂ ಭುಜದ ಮೇಲಿದೆ. ಮರಾಠಿಯಲ್ಲಿ ಮಾತಾಡಿದರೆ ಇಲ್ಲಿಯವರು ಅವನನ್ನು ದಕ್ಷಿಣದವನೆಂದು ಅಣ್ಣಾ ಎಂದು ಕರೆದು ನಗುತ್ತಾರೆ, ತನ್ನ ಊರ ಕಡೆಯ ಭಾಲ್ಕಿಗೆ ಹೋಗಿ ಕನ್ನಡ ಮಾತಾಡಿದರೆ ಮರಾಠಿ ಮಂದಿ ಬಂದರು ಎನ್ನುತ್ತಾರೆ. ಇಬ್ಬರೂ ಬಾಯಿ ಮುಚ್ಚುವಂಥ ಒಂದು ಭಾಷೆ ಮಗಳ ಬಾಯಲ್ಲಿ ಬರಲಿ ಎಂದು ಅವನಿಗೆ ಆಸೆಯಾಗಿತ್ತು.

ರೂಪಾಳ ಆಸೆ ಬೇರೆ. ಅದನ್ನು ಅವಳು ಒಮ್ಮೆ ಮಾತ್ರ, ರೊಟ್ಟಿ ಬಡಿಯುತ್ತ ಹೇಳಿದ್ದಳು. "ಅಲ್ಲಿ ಪುಸ್ತಕ ಇಲ್ಲಂತಲ್ಲ. ಪುಟ್ಟಿ ದಿನಾ ಕಲ್ತದ್ದ ಮನ್ಯಾಗ ಯಾರಿಗರ ಒಪ್ಪಿಸಬೇಕಂತ. ನನಗ ಒಪ್ಪಿಸ್ತಾಳ. ನಂದೂ ಆಯ್ತದ." ಬಿಎ ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಗಿ ಬಂದವಳು. ನಾಲ್ಕು ತಿಂಗಳಿಂದ ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳು. ಉತ್ಕರ್ಷನ ತಾಯಿಯಿಂದ ಶಾಲೆಯ ಪ್ರಾರ್ಥನೆ ಬರೆಸಿಕೊಂಡು ಬಂದು ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡು ಬಾಯಿಪಾಠ ಮಾಡಿದ್ದಳು. ಅವನು ಎರಡು ಅರ್ಜಿ ಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ.

ಹದಿನೆಂಟು. ಹತ್ತೊಂಬತ್ತು. ಅವನು ಎಣಿಸುತ್ತಿದ್ದ. ಪಕ್ಕದ ಕುರ್ಚಿಯ ಹೆಂಗಸು ಮಾಲೇಗಾಂವಿನ ಶಬಾನಾ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು; ಗಂಡ ಮಗ್ಗ ನಿಲ್ಲಿಸಿ ಬರಲಾಗಲಿಲ್ಲವಂತೆ. ಮಗಳಿಗೆ ಲೆಕ್ಕ ಬಹಳ ಇಷ್ಟ, ಇಲ್ಲಿ ಲೆಕ್ಕ ಚೆನ್ನಾಗಿ ಕಲಿಸುತ್ತಾರೆಂದು ಕೇಳಿ ಬಂದಿದ್ದಳು. ಅವಳು ತುಟಿ ಅಲ್ಲಾಡಿಸುತ್ತ ಏನೋ ಜಪಿಸುತ್ತಿದ್ದಳು. ಸಂಗಮನಾಥನೂ ಜಪಿಸುತ್ತಿದ್ದ. ಅಲ್ಲಿದ್ದ ನೂರಾರು ಜನರಲ್ಲಿ ಎಲ್ಲರೂ ತಮ್ಮ ಚೀಟಿ ಬರಲಿ ಎಂದು ಬೇಡಿಕೊಳ್ಳುತ್ತಿದ್ದರೆ, ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದವನು ಅವನೊಬ್ಬನೇ. ಮನೆದೇವರಿಗೆ ಈ ತರಹದ ಬೇಡಿಕೆ ಹೊಸದಾಗಿದ್ದಿರಬೇಕು. ಶಬಾನಾ ಅವನ ತುಟಿ ನೋಡಿದಳು. "ಭಾಯಿಸಾಬ್, ನಿಮ್ಮದು ಆಗೇಹೋಯ್ತು, ಆದರೂ ನಮಗಾಗಿ ಬೇಡಿಕೊಳ್ತಾ ಇದ್ದೀರಿ," ಎಂದು ಹಿಂದಿಯಲ್ಲಿ ಹೇಳಿದಳು. "ದೇವರು ನಿಮ್ಮನ್ನ ಚೆನ್ನಾಗಿಡಲಿ." ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಹಾಗೆ ಬಾಗಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೆ ಬಾಗಿದ್ದು ಚೆನ್ನಾಗಿಯೇ ಬಂದಿತ್ತು.

"ಯಾಕ್ ಬೆವರ್ಲತೀರಿ?" ರೂಪಾ ಕೇಳಿದಳು.

"ಬಿಸಲ ಭಾಳ ಅದಾ."

"ಫ್ಯಾನಿನ ಕೆಳಗs ಕುಂತೀರಲ್ಲ."

ಇಪ್ಪತ್ತಾರು. ಬಿಡಕಿನಿನ ಕಾರ್ಖಾನೆಯ ಯಾರದೋ ಅವಳಿ ಮಕ್ಕಳಲ್ಲಿ ಒಬ್ಬನಿಗೆ ಬಂತು, ಇನ್ನೊಬ್ಬ ಅಳತೊಡಗಿದ. ಅವಳಿಗಳಿಗೆ ಎರಡು ಚೀಟಿ ನ್ಯಾಯವಂತೆ. ಬೆಳಿಗ್ಗೆ ಇಲ್ಲಿಗೆ ಬರುವಾಗ ರೈಲು ಮನ್ಮಾಡಿನಲ್ಲಿ ನಿಂತಿದ್ದಾಗ, ರೂಪಾ ಬಾಟಲಿಗೆ ನೀರು ಹಿಡಿಯಲು ಇಳಿದಿದ್ದಳು. ಆ ಐದು ನಿಮಿಷದಲ್ಲಿ ಅವನು ಮಗಳಿಗೆ ಪಾಠ ಹೇಳಿದ್ದ. "ಪುಟ್ಟಿ, ಅಲ್ಲಿ ನಿನ್ನ ಹೆಸರ ಒಂದ ಸಲ ಕರದ್ರ ಓಡ್ಹೋಗು. ಎರಡನೇ ಸಲ ಕರದ್ರ ಏಳಬ್ಯಾಡ. ಆಕಿ ಬ್ಯಾರೆ ವೈಷ್ಣವಿ." ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವಳು ಎಲ್ಲಿರುತ್ತಾಳೆ ಎಂದು ಕೇಳಿದಳು. ಊರಾಗ, ಎಂದ. ಇವತ್ತು ಯಾಕೆ ಬರಲಿಲ್ಲ? ಆರಾಮಿಲ್ಲ, ಎಂದ. ಅವಳ ಪಪ್ಪಾ ಯಾರು? ರೂಪಾ ಕಿಟಕಿಯ ಹೊರಗೆ ಬಾಟಲಿ ಒರೆಸುತ್ತ ಬರುವುದು ಕಂಡಿತು. "ಚುಪ್ ಕೂಡು," ಎಂದ. ಶಾಲೆ ಸೇರುವ ಮೊದಲೇ ಕಿವಿಯಿಂದ ಬಾಯಿಗೆ ಒಂದು ಪಾಠ ಮುಗಿದಿತ್ತು.

ಮೂವತ್ತೊಂದು. ಮೂವತ್ತೆರಡು. ಚನಬಸವ್ವ ಎಂಬ ಹೆಸರನ್ನು ಅವನು ಅರ್ಜಿಯಲ್ಲಿ ಬೆರಳಿನಿಂದ ಒತ್ತಿದ್ದನೇ ಹೊರತು ಬಾಯಿಂದ ಒಮ್ಮೆಯೂ ಆಡಿರಲಿಲ್ಲ. ಮದುವೆಯ ದಿನ ಪರಾತದ ಅಗಲ ತಟ್ಟೆಯಲ್ಲಿ ಅಕ್ಕಿ ಹರಡಿ ತಂದಿಟ್ಟಿದ್ದರು. ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯಬೇಕು. ಅವನು ಒಂದು ವಾರ ಯೋಚಿಸಿದ್ದ. ನಾಶಿಕದಲ್ಲಿ, ಬ್ಯಾಂಕಿನವರ ಹೆಂಡಂದಿರ ನಡುವೆ, ಚನಬಸವ್ವ ಎಂದು ಕೂಗಿದರೆ ಹೇಗೆ ಕೇಳಿಸುತ್ತದೆ ಎಂದು ಕನ್ನಡಿಯ ಮುಂದೆ ಕೂಗಿ ನೋಡಲೂ ಧೈರ್ಯವಾಗಿರಲಿಲ್ಲ. ರೂಪಾ ಎಂದು ಬರೆದ. ಎರಡೇ ಅಕ್ಷರ, ಅಕ್ಕಿಯಲ್ಲಿ ಬರೆಯಲೂ ಸುಲಭ. ಎಲ್ಲರೂ ಬಗ್ಗಿ ಓದಿ ಚಂದ ಅದಾ, ಚಂದ ಅದಾ ಎಂದರು. ಅವಳೂ ಓದಿದಳು. ಆಮೇಲೆ ಅಂಗೈಯಿಂದ ಅಕ್ಕಿಯನ್ನು ನಿಧಾನವಾಗಿ ಸಮ ಮಾಡಿಟ್ಟಳು. ನಾಚಿಕೆ ಎಂದು ಅವನು ತಿಳಿದಿದ್ದ. ಈಗ ಫ್ಯಾನಿನ ಕೆಳಗೆ ಬೆವರುತ್ತ ಕೂತಾಗ, ಅದು ನಾಚಿಕೆಯಲ್ಲ, ಅಳಿಸಿದ್ದು, ಎಂದು ಮೊದಲ ಸಲ ಹೊಳೆದು ಅವನಿಗೆ ಸಿಟ್ಟು ಬಂತು. ಇಂಥದು ಹೊಳೆಯಲು ಇದೇ ಹೊತ್ತು ಬೇಕಾಗಿತ್ತೇ? ಮೂವತ್ತೆಂಟು. ಇನ್ನೆರಡೇ. ಅವನು ಮೊದಲ ಸಲ ಬೆನ್ನು ಕುರ್ಚಿಗೆ ಆನಿಸಿದ.

ಕಸ್ತೂರಿಬಾಯಿ ಮೂವತ್ತೊಂಬತ್ತನೆಯ ಚೀಟಿ ಕೊಟ್ಟಳು. ಮೃಣಾಲಿನಿಬಾಯಿ ಬಿಚ್ಚಿದರು, ಕಡತದಲ್ಲಿ ನಂಬರು ಹುಡುಕಿದರು, ಕನ್ನಡಕ ಸರಿಮಾಡಿಕೊಂಡರು. "ವೈಷ್ಣವಿ. ತಾಯಿ ಚನಬಸವ್ವ, ತಂದೆ ಸಂಗಮನಾಥ. ಹಲಬರ್ಗೆ, ನಾಶಿಕ್." ಆ ಹೆಸರು ಮೈಕಿನಲ್ಲಿ ಹಾದು ಗೋಡೆಗೆ ಬಡಿದು ಮರಳಿ ಬಂತು. ರೂಪಾಳ ಕೈ ಅವನ ಮಣಿಕಟ್ಟಿನ ಮೇಲೆ ಹಾಗೇ ಇತ್ತು. ಬಿಗಿಯಲೂ ಇಲ್ಲ, ಸಡಿಲಗೊಳ್ಳಲೂ ಇಲ್ಲ. ಅವನು ಅವಳ ಕಡೆ ನೋಡಲಿಲ್ಲ. ಯಾರೂ ಏಳಲಿಲ್ಲ. ಮೃಣಾಲಿನಿಬಾಯಿ ಎರಡನೆಯ ಸಲ ಕರೆದರು. ವೇದಿಕೆಯ ಮೇಲೆ ವೈಷ್ಣವಿ ತೊಡೆಯ ಮೇಲೆ ಕೈಯಿಟ್ಟುಕೊಂಡು, ಮಿಸುಕದೆ, ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸುತ್ತ ಕೂತಿದ್ದಳು. ಅವನಿಗೆ ಮಗಳ ಬಗ್ಗೆ ಹೆಮ್ಮೆಯಾಯಿತು. ಇನ್ನೊಂದು ಸಲ ಕರೆದು ಬಿಟ್ಟುಬಿಡುತ್ತಾರೆ, ಗೈರುಹಾಜರಿ ಎಂದು ಬರೆದು ಬೇರೆ ಚೀಟಿ ತೆಗೆಯುತ್ತಾರೆ, ಅದು ಶಬಾನಾಳದೇ ಆದರೂ ಆಗಬಹುದು, ಯಾರಿಗೂ ನಷ್ಟವಿಲ್ಲ. ಆದರೆ ಮೃಣಾಲಿನಿಬಾಯಿ ಹೆಸರುಗಳ ಮೇಲೆ ಬೆರಳಾಡಿಸಿ, ಜಮಖಾನದ ಕಡೆ ಬಗ್ಗಿ, ಮಗುವನ್ನೇ ಮರಾಠಿಯಲ್ಲಿ ಕೇಳಿದರು: ನಿನ್ನ ಹೆಸರಿನವಳೇ ಇನ್ನೊಬ್ಬಳಿದ್ದಾಳಲ್ಲ, ಗೊತ್ತಾ ನಿನಗೆ?

"ಹೋ," ಎಂದಳು ವೈಷ್ಣವಿ. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು. "ತೀ ಆಜಾರೀ ಆಹೇ, ಗಾವಾಕಡೇ ಆಹೇ." ಅವಳಿಗೆ ಹುಷಾರಿಲ್ಲ, ಊರಲ್ಲಿದ್ದಾಳೆ.

"ಅಯ್ಯೋ. ಯಾರ ಮಗಳು ಅವಳು?"

ಇದನ್ನು ಮನ್ಮಾಡಿನಲ್ಲಿ ಹೇಳಿಕೊಟ್ಟಿರಲಿಲ್ಲ. ವೈಷ್ಣವಿ ಸ್ವಲ್ಪ ಯೋಚಿಸಿದಳು. ತಂದೆಯ ಹೆಸರನ್ನು ಅವಳೂ ಈಗಷ್ಟೇ ಎರಡು ಸಲ ಕೇಳಿದ್ದಳಲ್ಲ. "ಪಪ್ಪಾಚೀಚ್," ಎಂದು ಅವನ ಕಡೆಗೆ ಬೆರಳು ತೋರಿಸಿದಳು. ಪಪ್ಪಾನ ಮಗಳೇ.

ಕುರ್ಚಿಗಳು ಕಿರುಗುಟ್ಟಿದವು. ಹಿಂದಿನ ಸಾಲಿನಲ್ಲಿ ಯಾರೋ, ಎರಡು ಸಂಸಾರ ಇದ್ದಂಗದೆ, ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ಅದು ಮುಂದಿನ ಸಾಲಿಗೆ ದಾಟಿತು. ಶಬಾನಾ ಮಗಳನ್ನೆತ್ತಿಕೊಂಡು ಒಂದು ಕುರ್ಚಿ ಆಚೆ ಸರಿದು, ರೂಪಾಳನ್ನು ಬಹಳ ಕನಿಕರದಿಂದ ನೋಡಿದಳು. "ಹೀ ಪಣ ತುಮಚೀಚ್ ಕಾ?" ಇವಳೂ ನಿಮ್ಮವಳೇನಾ ಎಂದು ಮೃಣಾಲಿನಿಬಾಯಿ ಅವನನ್ನೇ ಕೇಳಿದರು. ಸಂಗಮನಾಥ ಎದ್ದು ನಿಂತ. ಹೆಬ್ಬೆರಳು ಮತ್ತೆ ಹೊರಗೆ ಬಂದಿತ್ತು. ಅವನ ತಲೆ ಬ್ಯಾಂಕಿನಲ್ಲಿ ಎಂದೂ ಓಡದಷ್ಟು ವೇಗವಾಗಿ ಓಡಿತು. ಎರಡು ಅರ್ಜಿ ಹಾಕಿದವನಾದರೆ ಸೀಟು ಹೋಗುತ್ತದೆ. ಇಬ್ಬರು ಹೆಂಡಂದಿರ ಗಂಡನಾದರೆ ಮಾನ ಹೋಗುತ್ತದೆ. ಎರಡನೆಯದಕ್ಕೆ ಶಾಲೆಯ ನಿಯಮಗಳಲ್ಲಿ ಶಿಕ್ಷೆ ಇರಲಿಲ್ಲ.

"ಹೋಯ್," ಎಂದ. ಹೌದು. "ಚನಬಸವ್ವ... ತೀ ಗಾವಾಕಡೇ ಅಸತೇ." ಅವಳು ಊರ ಕಡೆ ಇರುತ್ತಾಳೆ. ಆ ಹೆಸರು ಅವನ ಬಾಯಲ್ಲಿ ಬಂದದ್ದು ಹೀಗೆ.

ಮೃಣಾಲಿನಿಬಾಯಿ ಎರಡು ಅರ್ಜಿಗಳನ್ನೂ ಅಕ್ಕಪಕ್ಕ ಇಟ್ಟರು. "ಇಬ್ಬರೂ ಒಂದೇ ದಿನ ಹುಟ್ಟಿದ್ದಾರೆ," ಎಂದರು.

"ಯೋಗಾಯೋಗ, ಮೇಡಂ," ಎಂದ ಅವನು. ಕಾಕತಾಳೀಯ.

ಸಭೆಯಲ್ಲಿ ನಗು ಎದ್ದಿತು. ನಗುವಿನಲ್ಲಿ ಒಂದಿಷ್ಟು ಮೆಚ್ಚುಗೆಯೂ ಇತ್ತೆಂದು ಅವನಿಗೆ ಅನ್ನಿಸಿತು. ಬದುಕಿಕೊಂಡೆ, ಎಂದೂ ಅನ್ನಿಸಿತು. ನಾಳೆ ಇದನ್ನು ರೂಪಾಳಿಗೆ ತಿಳಿಸಿ ಹೇಳಿದರಾಯಿತು, ಸೀಟು ಸಿಕ್ಕಿದ ಮೇಲೆ ಅವಳೂ ನಗುತ್ತಾಳೆ. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಕೈ ಇಲ್ಲದ್ದು ಗೊತ್ತಾಯಿತು. ರೂಪಾ ಎದ್ದು ನಿಂತಿದ್ದಳು.

"ಊರಾಗ ಇರ್ತಾಳಾ ಆಕಿ?" ಎಂದು ಅವನಿಗೊಬ್ಬನಿಗೇ ಕೇಳುವಂತೆ ಕೇಳಿದಳು.

"ಸುಮ್ ಕೂಡು. ಪುಟ್ಟಿ ಸೀಟ್ ಹೋಗ್ತದ," ಎಂದು ಅವನು ಹಲ್ಲು ಕಚ್ಚಿ ಹೇಳಿದ. "ನೀನೂ ಕಲೀಬೇಕಂದಿಯಲ್ಲ."

ಅವಳು ವೇದಿಕೆಯ ಮೇಲಿದ್ದ ಮಗಳನ್ನು ನೋಡಿದಳು. ಕುರ್ಚಿಯ ಬೆನ್ನಿಗೆ ಕೈಯಿಟ್ಟಳು. ಕೂತುಬಿಡುತ್ತಾಳೆ, ಎಂದುಕೊಂಡ.

"ನಾ ಎಂಟ್ ವರ್ಷದಿಂದ ನಿಮ್ ಮನ್ಯಾಗs ಇದ್ದೀನ್ರಿ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮುಖ್ಯಾಧ್ಯಾಪಕಿಯ ಕಡೆ ತಿರುಗಿ, ಅವನು ಎಂದೂ ಕೇಳದಷ್ಟು ಎತ್ತರದ ದನಿಯಲ್ಲಿ ಮರಾಠಿಯಲ್ಲಿ ಹೇಳಿದಳು. "ಬಾಯೀ, ಚನಬಸವ್ವಾ ಮೀಚ್ ಆಹೇ." ನಾನೇ. ಮದುವೆಯಲ್ಲಿ ಹೆಸರು ಬದಲಾಯಿಸಿದರು. ಎರಡೂ ಅರ್ಜಿ ನಮ್ಮವೇ, ಮಗಳು ಒಬ್ಬಳೇ.

ಮೃಣಾಲಿನಿಬಾಯಿ ಸಿಟ್ಟಾಗಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಹಲಗೆಯ ಮೇಲಿನ ನಿಯಮ ಓದಿದ್ದೀರಲ್ಲ ಎಂದು ಕೇಳಿದರು, ಏಳನೆಯ ಸಾಲಿನ ಮೇಲೂ ಮೂವತ್ತೊಂಬತ್ತನೆಯ ಸಾಲಿನ ಮೇಲೂ ಕೆಂಪು ಗೆರೆ ಎಳೆದರು. ಎರಡು ಸೀಟು ಖಾಲಿಯಾದವು. ಶಬಾನಾಳ ತುಟಿ ಮತ್ತೆ ಅಲ್ಲಾಡತೊಡಗಿತು, ಅದನ್ನು ಅವನು ಕಣ್ಣಂಚಿನಲ್ಲಿ ಕಂಡ. ಅವನಿಗೆ ಮಾತಾಡಬೇಕೆನಿಸಿತು. ಮೊದಲನೆಯದು ನಿಜವಾಗಿಯೂ ತಪ್ಪಿನಿಂದ ಆದದ್ದು ಎಂದು ಹೇಳಬೇಕೆನಿಸಿತು. ಬಾಯಿ ತೆರೆದರೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ, ಅವನು ಕೂತುಕೊಂಡ. ರೂಪಾ ತನ್ನ ಪಾಲಿನ ಕಲಿಕೆಯನ್ನೂ ಕಳೆದುಕೊಂಡು ನಿಂತಿದ್ದಾಳೆ ಎನ್ನುವುದು ಕೂತ ಮೇಲೆ ತಲೆಗೆ ಹತ್ತಿತು, ಮತ್ತು ಅವನಿಗೆ ಅವಳ ಮುಂದೆ ತೀರ ನಾಚಿಕೆಯಾಯಿತು.

ಮಗೂ, ಇಳಿ, ಎಂದು ಮೃಣಾಲಿನಿಬಾಯಿ ವೈಷ್ಣವಿಯ ತಲೆ ಸವರಿದರು. ವೈಷ್ಣವಿ ಎದ್ದಳು. ಪೇಡೆ ಹತ್ತಿದ ಬೆರಳು ನೆಕ್ಕಿದಳು. ತಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ ಎನ್ನುವುದು ಅವಳ ಮುಖದಲ್ಲಿತ್ತು.

"ಮೀ ಏಕಟೀಚ್ ಉತರೂ, ಕೀ ದೋಘೀ?" ಎಂದು ಕೇಳಿದಳು. ನಾನೊಬ್ಬಳೇ ಇಳಿಯಲಾ, ಇಬ್ಬರೂ ಇಳೀಬೇಕಾ?

ಮೈಕು ಇದನ್ನೂ ಎಲ್ಲರಿಗೂ ಕೇಳಿಸಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೃಣಾಲಿನಿಬಾಯಿಗೂ ನಗು ತಡೆಯಲಾಗಲಿಲ್ಲ. ಸಂಗಮನಾಥನೂ ಒಂದು ಕ್ಷಣ ಅವರ ಜೊತೆ ನಕ್ಕ. ಆಗಲೇ ರೂಪಾ ಕುರ್ಚಿಗಳ ನಡುವಿನಿಂದ ವೇದಿಕೆಯ ಹತ್ತಿರ ಹೋಗಿ ನಿಂತಿದ್ದಳು.

"ಇಬ್ಬರೂ ಇಳೀರವ್ವಾ," ಎಂದಳು.

ವೈಷ್ಣವಿ ಜಿಗಿದಳು. ಆಮೇಲೆ ಬದಿಯ ಮೆಟ್ಟಿಲು ಹತ್ತಿ ಮತ್ತೆ ಮೇಲೆ ಹೋಗಿ, ಹುಷಾರಿಲ್ಲದವಳ ಪರವಾಗಿ, ತುಸು ಮೆಲ್ಲಗೆ, ಇನ್ನೊಮ್ಮೆ ಜಿಗಿದಳು. ಈ ಸಲ ಯಾರೂ ನಗಲಿಲ್ಲ. ಎರಡು ಸಲವೂ ಅವಳ ತಾಯಿ ಕೈಚಾಚಿ ಹಿಡಿದುಕೊಂಡಳು.